ಖಾಲಿ ತೋಟೆಯಿಂದ ಜಗಲಿಗೊಂದು ದೀಪದ ಮಾಲೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ತೋಟ ಇರುವವರಿಗೆ ಕಾಡುಹಂದಿಯ ಕಾಟ ಹೇಳಬೇಕಾಗಿಲ್ಲ. 2022ರ ಮೇಯಲ್ಲಿ ಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರ ಪಂಚಾಯತ್ ಅಧ್ಯಕ್ಷರಿಗೂ ಬಂತು. ಲೈಸೆನ್ಸ್ ಕೋವಿ ಇದ್ದವರಿಗೆ ರಾತ್ರಿ ಕೆಲಸ ಶುರು. ಹಂದಿ ಬಿತ್ತೋ ಓಡಿತೋ ಅದು ಬೇರೆ ಕಥೆ, ಖಾಲಿ ತೋಟೆ, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆ ಬುಡದ ಪ್ಲಾಸ್ಟಿಕ್ ಕೊಳವೆ, ಮಾತ್ರ ಅಡಿಕೆ ಬುಡದಲ್ಲೇ ಉಳಿಯುತ್ತದೆ. ನಮ್ಮ ಮಾವನ ಮನೆಯಲ್ಲಿ ಒಮ್ಮೆ ನಾಲ್ಕೈದನ್ನು ಬಚ್ಚಲ ಒಲೆಗೆ ಹಾಕಿದ್ದರು. ಸ್ನಾನಕ್ಕೆ ಹೋದವರು ಟವೆಲ್ಲಿನಲ್ಲೇ ಹೊರಗೆ ಓಡಿ ಬಂದರು! ಪ್ಲಾಸ್ಟಿಕ್ ಅಲ್ವಾ, ಸುಡಲೇಬಾರದು. ಅದರ ಬದಲು ಜಗಲಿಗೊಂದು ದೀಪದ ಮಾಲೆ ಮಾಡೋಣ.

ಮೊದಲು ಬಾಯಿ ನೋಡಿ. ಹೊಡೆದ ತೋಟೆಯ ಬಾಯಿ ಹೂವಿನಂತೆ ಬಿರಿದು, ಒಳಗೆ ತಳ ಕಾಣುತ್ತದೆ. ಬಾಯಿ ಮುಚ್ಚಿದ್ದು ಹಿಂದಿನ ಕೇಪಿನ (ಮದ್ದಿಗೆ ಕಿಡಿ ಕೊಡುವ, ಬುಡದ ನಡುವಿನ ಸಣ್ಣ ಲೋಹದ ಬಿರಡೆ) ಮೇಲೆ ಗುಳಿ ಬಿದ್ದಿದ್ದರೆ ಅದು ಹಾರದ ಈಡು, ಮದ್ದು ಒಳಗೇ ಇದೆ. ಅದನ್ನು ಮುಟ್ಟಬೇಡಿ, ಕೋವಿಯ ಯಜಮಾನರನ್ನು ಕರೆಯಿರಿ. ಇನ್ನೊಂದು, 1959ರ ಶಸ್ತ್ರಾಸ್ತ್ರ ಕಾಯ್ದೆ ತೋಟೆಯ ಬಿಡಿಭಾಗವನ್ನೂ ಮದ್ದುಗುಂಡಿನ ಲೆಕ್ಕಕ್ಕೇ ಸೇರಿಸುತ್ತದೆ. ಹಾಗಾಗಿ ಈ ಕೆಲಸ ಲೈಸೆನ್ಸ್ ಇರುವವರ ಮನೆಯಲ್ಲೇ, ಅವರನ್ನು ಕೇಳಿಯೇ ಆಗಲಿ. ಕೀ ಚೈನ್ ಮಾಡಿ ವಿಮಾನದ ಬ್ಯಾಗಿಗೆ ಹಾಕುವ ಹುಚ್ಚು ಬೇಡ. ಮತ್ತೆ ಮದ್ದು ತುಂಬುವ ಮಾತಂತೂ ಬೇಡವೇ ಬೇಡ.

ತೋಟೆಯೊಳಗಿನ ಸಣ್ಣ ಗುಂಡುಗಳಾದ ಚರೆ ಸೀಸದ್ದು, ಕೇಪಿನ ಮಸಿಯಲ್ಲೂ ಸಾಮಾನ್ಯವಾಗಿ ಸೀಸ ಇರುತ್ತದೆ. ಅದಕ್ಕೇ ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್. ಅಡಿಗೆಮನೆಯ ಸಿಂಕ್ ಬಿಟ್ಟು ಹೊರಗೆ ಬಕೆಟ್ಟಿನಲ್ಲಿ ಸೋಪು ನೀರು ಮಾಡಿ, ಬಾಟಲಿ ತೊಳೆಯುವ ಬ್ರಷ್ಷಿನಿಂದ ಉಜ್ಜಿ. ಆ ಬ್ರಷ್ ಮತ್ತೆ ಬಾಟಲಿಗೆ ಬೇಡ. ಉಪ್ಪು, ಮೆಣಸು ಹಾಕಿಡುವ ಡಬ್ಬಿಯಾಗಿ ತೋಟೆ ಬಳಸಲೇಬೇಡಿ, ಮಕ್ಕಳ ಆಟಕ್ಕೂ ಕೊಡಬೇಡಿ.

ಈಗ ಕೇಪು ತೆಗೆಯುವುದು. ನನಗೆ ಇದೇ ಇಷ್ಟದ ಭಾಗ. ಹನ್ನೆರಡು ಬೋರಿನ (ಕೋವಿಯ ನಳಿಗೆಯ ಅಳತೆ) ತೋಟೆ ಸುಮಾರು 70 ಮಿ.ಮೀ. ಉದ್ದ, ಆದ್ದರಿಂದ ನಾಲ್ಕು ಇಂಚಿನ ಮೊಳೆ ಬೇಕು, ತುದಿಯನ್ನು ಅರದಿಂದ ಮೊಂಡು ಮಾಡಿಕೊಳ್ಳಿ. ಕಲ್ಲಿನ ಮೇಲೆ 12 ಎಂಎಂ ಬೋಲ್ಟಿನ ನಟ್ ಇಟ್ಟು, ಕೇಪು ಸರಿಯಾಗಿ ಅದರ ತೂತಿನ ಮೇಲೆ ಬರುವಂತೆ ತೋಟೆ ನಿಲ್ಲಿಸಿ. ಬಾಯಿಯಿಂದ ಮೊಳೆ ಇಳಿಸಿ, ಸುತ್ತಿಗೆಯಿಂದ ಮೆತ್ತಗೆ ಎರಡು ಏಟು. ಟಕ್ ಎಂದು ಕೇಪು ಕೆಳಗೆ ಬೀಳುತ್ತದೆ, ಆರು ಮಿ.ಮೀ. ತೂತು ಉಳಿಯುತ್ತದೆ. ಜೋರಾಗಿ ಹೊಡೆದರೆ ಬುಡದ ಹಿತ್ತಾಳೆ ಸೊಟ್ಟಗಾಗುತ್ತದೆ. ನಾನು ಮೊದಲ ಮೂರು ಹಾಳು ಮಾಡಿಯೇ ಕಲಿತದ್ದು.

ಬಾಯಿಯ ಮಡಿಕೆಗಳ ಗೆರೆ ಹಿಡಿದು ಕತ್ತರಿಯಿಂದ ಒಂದು ಸೆಂ.ಮೀ. ಸೀಳಿ, ಎಸಳುಗಳನ್ನು ಹೊರಗೆ ಬಾಗಿಸಿ. ಕೆಂಪು ತೋಟೆಯಾದರೆ ಥೇಟ್ ಕೆಂಪು ದಾಸವಾಳದ ಮೊಗ್ಗು.

ಬ್ಯಾಟರಿಯಲ್ಲಿ ಉರಿಯುವ, ಸಣ್ಣ ತಂತಿಯ ಎಲ್‌ಇಡಿ ಸೀರಿಯಲ್ ಸೆಟ್ ತನ್ನಿ. ಕರೆಂಟಿನದ್ದು ಬೇಡ, ಹಿತ್ತಾಳೆಗೆ ಶಾಕ್ ಹೊಡೆದೀತು. ಒಂದೊಂದು ಬಲ್ಬನ್ನು ತಂತಿ ಸಮೇತ ಮಡಚಿ, ಹಿಂದಿನ ತೂತಿನಿಂದ ಒಳಗೆ ತಳ್ಳಿ ಒಂದು ಹನಿ ಬಿಸಿ ಗಮ್ ಹಾಕಿ. ಬಲ್ಬುಗಳು ತೀರಾ ಹತ್ತಿರ ಇದ್ದರೆ ಒಂದು ಬಿಟ್ಟು ಒಂದಕ್ಕೆ ಹಾಕಿ. ಕಪ್ಪು ತೋಟೆ ಸಿಕ್ಕರೆ ಬದಿಗಿಡಿ, ಅದರಲ್ಲಿ ಬೆಳಕು ಹಾಯುವುದಿಲ್ಲ.

ಹಾಳಾದವುಗಳ ಪ್ಲಾಸ್ಟಿಕ್ ಕೊಯ್ದು ಬೇರೆ ಮಾಡಿ, ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯವರು ಬಂದಾಗ ತೆಗೆದುಕೊಳ್ಳುತ್ತಾರಾ ಕೇಳಿ. ಬುಡಕ್ಕೆ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಅದು ಹಿತ್ತಾಳೆ ಬಣ್ಣದ ಕಬ್ಬಿಣ, ಗುಜರಿಯವನ ಹತ್ತಿರ ಹಿತ್ತಾಳೆ ರೇಟಿಗೆ ಜಗಳ ಆಡಿ ಪ್ರಯೋಜನವಿಲ್ಲ.