ನಮ್ಮ ಕಲ್ಲಿನ ಮನಿ ಮೊದ್ಲ ಏನೇನ ಆಗಿತ್ತು ಅಂತ ಹುಡುಕಿದ ನನ್ನ ಅನುಭವ

ಗುಳೇದಗುಡ್ಡದಾಗ ನಮ್ಮ ಮುತ್ತಜ್ಜನ ಕಾಲದ್ದೊಂದು ಕಲ್ಲಿನ ಮನಿ ಐತಿ. ರಿಪೇರಿಗೆ ಕೈ ಹಾಕಿದ ಮೊದ್ಲನೇ ದಿನಾನ ಗೌಂಡಿ ಕೇಳಿದ್ರು, "ತಮ್ಮಾ, ಇಲ್ಲಿ ಪಡಸಾಲಿ ನೆಲಾ ಯಾಕ ಟೊಳ್ಳ ಸಪ್ಪಳ ಮಾಡತೈತಿ?" ನನಗ ಗೊತ್ತಿದ್ದಿಲ್ಲ.

ಹಾಸಗಲ್ಲ ಎತ್ತಿ ನೋಡಿದ್ರ ಕೆಳಗ ತಗ್ಗು, ತುಂಬ ಹರಳು ಮಣ್ಣು. ಕಾಳು ಇಡೋ ಹಗೇವು ಇರಬೇಕು ಅಂದ್ಕೊಂಡೆ, ಆದ್ರ ಹಗೇವಿನ ಬಾಯಿ ಸಣ್ಣದಿದ್ದು ಒಳಗ ಹೋದಂಗ ಅಗಲ ಆಗತೈತಿ, ಇದು ಚೌಕ, ಆಳಾನೂ ಕಮ್ಮಿ, ಅದೂ ಬೆಳಕು ಬೀಳೋ ಕಿಡಕಿ ಬಾಜೂಕ. ಆಯಿನ ಕರಕೊಂಡ ಬಂದು ತೋರ್ಸಿದೆ. "ಅದು ಮಗ್ಗದ ಕುಣಿ ಅಲ್ಲೇನೋ, ನಾ ಮದಿವಿ ಆಗಿ ಬಂದಾಗ ನಿಮ್ಮಜ್ಜ ಅಲ್ಲೇ ಕಾಲ ಇಳಿಬಿಟ್ಟು ಖಣ ನೇಯತಿದ್ದ" ಅಂದ್ಲು. ಖಣ ಅಂದ್ರ ಕುಪ್ಪಸದ ಬಟ್ಟಿ. ಕುಣಿಯೊಳಗಿನ ತಂಪಿಗೆ ಎಳಿ ಲಗೂ ಹರಿಯಂಗಿಲ್ಲಂತ, ಅದಕ್ಕ ನೆಲಾ ತೋಡಿ ಮಗ್ಗ ಕೂಡ್ಸತಿದ್ರು.

ಅಲ್ಲಿಂದ ನನಗ ಹುಚ್ಚ ಹಿಡೀತು. ಬಾಗಲಾ ದಾಟಿದ ಕೂಡಲೇ ತಗ್ಗಿನ ಜಾಗಾ, ಗ್ವಾಡಿಗೆ ಕಲ್ಲಿನ ಗ್ವಾದಲಿ, ಅಂದ್ರ ಅಲ್ಲಿ ದನಾ ಕಟ್ಟತಿದ್ರು. ಪಡಸಾಲಿ ಗ್ವಾಡಿ ಮ್ಯಾಲ ಮೊಂಡ ಚಾಕೂಲಿಂದ ಅಂಗೈಯಷ್ಟ ಜಾಗಾ ಒಂದೊಂದ ಪದರ ಮೆಟ್ಟಲಾ ಮಾಡ್ದಂಗ ಕೆರಕೋಂತ ಹೋದೆ, ಯಾರರ ಮಾಡೋರಿದ್ರ ತಂತಿ ಬ್ರಶ್ ಮಾತ್ರ ಹಚ್ಚಬ್ಯಾಡ್ರಿ, ಎಲ್ಲಾ ಪದರ ಒಮ್ಮೆಲೇ ಉದರತಾವ. ಮ್ಯಾಲ ಪೇಂಟು, ಅದರ ಕೆಳಗ ಸುಣ್ಣ, ಅದರ ಕೆಳಗ ಒಂದು ದಪ್ಪನ್ನ ಕರೀ ಪದರ, ಮತ್ತ ಕೆಳಗ ಸುಣ್ಣ. ಕರೀದು ಅಷ್ಟ ಜಾಗಾದಾಗ ಚೌಕಾಗಿ ಇತ್ತು. ಬೋರ್ಡು! ಮಗ್ಗ ನಿಂತ ಮ್ಯಾಲ ಕೆಲವು ವರ್ಷ ಇಲ್ಲೇ ಸಣ್ಣ ಮಕ್ಕಳ ಸಾಲಿ ನಡದಿತ್ತಂತ, ಓಣಿಯ ಹಿರ್ಯಾರು ಇಬ್ರು ಇಲ್ಲೇ ಕುಂತು ಅಕ್ಷರ ಕಲಿತವ್ರು.

ಕಾಗದಪತ್ರ ಆಮ್ಯಾಲ ನೋಡಿದೆ. ಸಂದೂಕದಾಗಿನ ಹಳೇ ಕಾಗದ ಮೋಡಿ ಲಿಪಿಯೊಳಗ (ಮೊದ್ಲ ಮರಾಠಿ ಬರಿಯಾಕ ಬಳಸತಿದ್ದ ಕೂಡಬರಹ) ಅದಾವ, ಓದಾಕ ಬರೋರು ಬೇಕು. ನಮ್ಮೂರು 1956ರ ತನಕ ಮುಂಬೈ ರಾಜ್ಯದಾಗಿತ್ತು, 1997ರಾಗ ಬಾಗಲಕೋಟಿ ಬ್ಯಾರೆ ಜಿಲ್ಲಾ ಆಗೂತನಕ ಬಿಜಾಪುರ ಜಿಲ್ಲಾ, ಅದಕ್ಕ ಹಳೇ ಉತಾರ (ಆಸ್ತಿ ದಾಖಲಿ) ಹುಡುಕೋರು ಬಿಜಾಪುರದ ಹೆಸರಲೇನೂ ಕೇಳ್ರಿ.

ಗ್ವಾಡಿ ಹಾಳಾಗಿದ್ದು ನಾವ ಹಿಂದಕ್ಕ ಬಡಿಸಿದ ಸಿಮೆಂಟಿನಿಂದ, ಒಳಗಿನ ಹಸಿ ಹೊರಗ ಹೋಗಾಕ ದಾರಿ ಇಲ್ದ ನಮ್ಮ ಉಸುಕಗಲ್ಲು ಚಕ್ಕಿ ಚಕ್ಕಿ ಎದ್ದಿತ್ತು. ಅದನ್ನ ಕೆತ್ತಿ ತಗದು ಸುಣ್ಣದ ಗಾರಿ ಹಾಕಿಸಿದ್ವಿ, ಸುಣ್ಣ ವಾರಗಟ್ಟಲೆ ನೀರಾಗ ನೆನಸಿ, ಬೆಲ್ಲದ ನೀರು ಅಳಲೆಕಾಯಿ ನೀರು ಕೂಡ್ಸಿ. ಮ್ಯಾಳಗಿಗೆ ಮತ್ತ ಹಾಳಮಣ್ಣ ಹಾಕಿಸಿದೆ. ಆ ಸವುಳ ಮಣ್ಣು ನೀರ ಬಿದ್ದ ಕೂಡಲೇ ಉಬ್ಬಿ ಸಂದಿ ಮುಚ್ಚತೈತಿ, ಅದಕ್ಕ ಸೋರಂಗಿಲ್ಲ. ಎಲ್ಲಾರೂ ಸ್ಲ್ಯಾಬ್ ಹಾಕ್ಸು ಅಂದ್ರು, ಆದ್ರ ನಮ್ಮ ಬ್ಯಾಸಗಿಯೊಳಗ ಆ ಮ್ಯಾಳಗಿ ಕೆಳಗ ಮಕ್ಕೊಂಡೋರಿಗೆ ನಾ ಯಾಕ ಒಪ್ಪಲಿಲ್ಲ ಅಂತ ಗೊತ್ತಾಗತೈತಿ.

ಕುಣಿ ಮುಚ್ಚಿಲ್ಲ, ಮ್ಯಾಲ ಹಲಗಿ ಹಾಕೀವಿ, ಬೇಕಾದಾಗ ಎತ್ತಬಹುದು. ಬೋರ್ಡಿನ ಚೌಕಕ್ಕ ಸುಣ್ಣ ಹಚ್ಚಿಲ್ಲ, ನನ್ನ ಮಗಳು ಅದರ ಮ್ಯಾಲ ಸೀಮೆಸುಣ್ಣಲೇ ಬರೀತಾಳ. ಹಿತ್ತಲ ಗ್ವಾಡಿ ಸಿಮೆಂಟ್ ಇನ್ನೂ ತಗಿಯೋದೈತಿ, ಮಳಿಗಾಲ ಮುಗೀಲಿ.