ನೋಡ್ ವರ್ಷನ್ ಬದಲಾಯಿಸುವಾಗ ಗ್ಲೋಬಲ್ ಪ್ಯಾಕೇಜ್‌ಗಳನ್ನು ಜೊತೆಗೆ ತರುವುದು ಹೇಗೆ?

ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ ನೋಡ್ (Node.js). ಅದರ 18ನೇ ವರ್ಷನ್‌ನ ಬೆಂಬಲ 2025ರ ಏಪ್ರಿಲ್‌ನಲ್ಲೇ ಮುಗಿಯಿತು. ಹಾಗಾಗಿ ಕುಂಬಳೆ, ಬದಿಯಡ್ಕ, ಉಪ್ಪಳದ ಮನೆಗಳಲ್ಲಿ ಕೂತು ಕೋಡ್ ಬರೆಯುವ ನಮ್ಮ ಹುಡುಗ ಹುಡುಗಿಯರೂ 22ಕ್ಕೆ ಹೋಗಲೇಬೇಕು. ಹೋದ ಕೂಡಲೇ ಒಂದು ಗಾಬರಿ ಕಾದಿರುತ್ತದೆ. ನಿನ್ನೆವರೆಗೆ ನಡೆಯುತ್ತಿದ್ದ ಟೂಲ್‌ಗೆ ಟರ್ಮಿನಲ್ ‘ಕಮಾಂಡ್ ನಾಟ್ ಫೌಂಡ್’ ಅನ್ನುತ್ತದೆ.

ಏನೂ ಅಳಿಸಿ ಹೋಗಿಲ್ಲ. ನೋಡ್ ವರ್ಷನ್‌ಗಳನ್ನು ಹಾಕಿ ಬದಲಾಯಿಸಿಕೊಡುವ ಟೂಲ್ ಎನ್‌ವಿಎಂ (nvm) ಪ್ರತಿ ವರ್ಷನ್‌ಗೂ ಬೇರೆ ಫೋಲ್ಡರ್ ಇಡುತ್ತದೆ. ಗ್ಲೋಬಲ್ ಪ್ಯಾಕೇಜ್‌ಗಳೂ, ಅಂದರೆ ಒಂದೇ ಪ್ರಾಜೆಕ್ಟಿಗೆ ಸೀಮಿತವಾಗದೆ ಎಲ್ಲಿಂದಲೂ ಬಳಸಲು ಹಾಕಿಕೊಂಡ ಟೂಲ್‌ಗಳೂ, ಅದರೊಳಗೇ ಕೂರುತ್ತವೆ. ಬಾಡಿಗೆ ಮನೆ ಬದಲಾಯಿಸಿದರೆ ಸಾಮಾನು ತಾನಾಗಿ ಬರುವುದಿಲ್ಲ, ಅಲ್ವಾ?

ಇಲ್ಲಿ ಹೇಳುವುದು ಲಿನಕ್ಸ್, ಮ್ಯಾಕ್‌ಗಳ ಎನ್‌ವಿಎಂ ಬಗ್ಗೆ. ವಿಂಡೋಸಿನದು ಬೇರೆಯೇ ಪ್ರೋಗ್ರಾಂ. ಕೇರಳದ ಶಾಲೆಯಲ್ಲಿ ಕೈಟ್ ಗ್ನು/ಲಿನಕ್ಸ್ ಬಳಸಿ ಕಲಿತವರಿಗೆ ಲಿನಕ್ಸ್ ಹೊಸದೇನಲ್ಲ. ಕಮಾಂಡ್‌ಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಟೈಪ್ ಮಾಡಿ.

ಮೊದಲು ಪಟ್ಟಿ ನೋಡಿ. ಹಳೆ ವರ್ಷನ್‌ನಲ್ಲಿ ಇರುವಾಗಲೇ ‘ಎನ್‌ಪಿಎಂ ಎಲ್‌ಎಸ್ -ಜಿ’ (npm ls -g) ಕೊಡಿ. ಎನ್‌ಪಿಎಂ ಅಂದರೆ ನೋಡ್ ಜೊತೆಗೇ ಬರುವ, ಪ್ಯಾಕೇಜ್ ಹಾಕುವ ಟೂಲ್. ಯಾವಾಗಲೋ ಹಾಕಿ ಮರೆತದ್ದೆಲ್ಲ ಅಲ್ಲಿ ಕಾಣುತ್ತದೆ. ಪಟ್ಟಿ ಓದದೆ ಎಲ್ಲವನ್ನೂ ಎಳೆದು ತರಬೇಡಿ. ಟೈಪ್‌ಸ್ಕ್ರಿಪ್ಟ್, ಇಎಸ್‌ಲಿಂಟ್‌ನಂಥ ಕೋಡ್ ಪರೀಕ್ಷಿಸುವ ಟೂಲ್‌ಗಳು ಪ್ರಾಜೆಕ್ಟ್ ಒಳಗೇ ಇರಬೇಕು. ಅಲ್ಲಿ ಇನ್‌ಸ್ಟಾಲ್ ಮಾಡಿ ‘ಎನ್‌ಪಿಎಕ್ಸ್’ ಮೂಲಕ ನಡೆಸಿದರೆ ಜೊತೆಗೆ ಕೆಲಸ ಮಾಡುವ ಎಲ್ಲರಿಗೂ ಒಂದೇ ವರ್ಷನ್ ಸಿಗುತ್ತದೆ. ಬೇಡದ್ದನ್ನು ಈಗಲೇ ‘ಎನ್‌ಪಿಎಂ ಅನ್‌ಇನ್‌ಸ್ಟಾಲ್ -ಜಿ’ ಕೊಟ್ಟು ತೆಗೆಯಿರಿ.

ಆಮೇಲೆ ‘ಎನ್‌ವಿಎಂ ಇನ್‌ಸ್ಟಾಲ್ 22’, ಅದು ಮುಗಿದ ಮೇಲೆ ‘ಎನ್‌ವಿಎಂ ರೀಇನ್‌ಸ್ಟಾಲ್-ಪ್ಯಾಕೇಜಸ್ 18’. ಉಳಿದ ಪ್ಯಾಕೇಜ್‌ಗಳೆಲ್ಲ 22ಕ್ಕೆ ಬರುತ್ತವೆ. ಮಳೆಗಾಲದಲ್ಲಿ ಕರೆಂಟು ಹೋಗಿ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂತವರಿಗೂ ಇದು ಅಷ್ಟೇನೂ ಭಾರವಲ್ಲ. ಎನ್‌ಪಿಎಂ ಒಮ್ಮೆ ಇಳಿಸಿಕೊಂಡದ್ದನ್ನು ಕ್ಯಾಶ್ (cache) ಎಂಬ ಸಂಗ್ರಹದಲ್ಲಿ ಇಟ್ಟಿರುತ್ತದೆ, ಆ ಕ್ಯಾಶ್ ಎಲ್ಲ ವರ್ಷನ್‌ಗಳಿಗೂ ಒಂದೇ.

ಡೇಟಾ ಉಳಿಸಲು ಕೆಲವರು ಹಳೆ ಫೋಲ್ಡರನ್ನೇ ಸುಮ್ನೆ ಕಾಪಿ ಮಾಡುತ್ತಾರೆ. ದಯವಿಟ್ಟು ಬೇಡ. ಕೆಲವು ಪ್ಯಾಕೇಜ್‌ಗಳಲ್ಲಿ ಸಿ++ನಲ್ಲಿ ಬರೆದು ಕಂಪೈಲ್ ಮಾಡಿದ ಭಾಗ ಇರುತ್ತದೆ. ಅದು ಆಯಾ ನೋಡ್‌ನ ಮಾಡ್ಯೂಲ್ ನಂಬರಿಗೆ ಹೊಂದಬೇಕು. ನೋಡ್ 18ಕ್ಕೆ ಅದು 108, ನೋಡ್ 22ಕ್ಕೆ 127. ಕಾಪಿ ಮಾಡಿ ತಂದದ್ದು ಈ ಎರಡೂ ನಂಬರ್ ತೋರಿಸಿ ಎರರ್ ಕೊಟ್ಟು ನಿಲ್ಲುತ್ತದೆ. ರೀಇನ್‌ಸ್ಟಾಲ್ ಮಾಡಿದರೆ ಆ ಭಾಗ ಹೊಸ ನೋಡ್‌ಗೆ ಸರಿಯಾಗಿ ಸಿದ್ಧವಾಗುತ್ತದೆ.

ಪದೇ ಪದೇ ವರ್ಷನ್ ಬದಲಾಯಿಸುವವರು ಎನ್‌ವಿಎಂ ಫೋಲ್ಡರಿನಲ್ಲಿ ‘ಡೀಫಾಲ್ಟ್-ಪ್ಯಾಕೇಜಸ್’ ಹೆಸರಿನ ಫೈಲ್ ಮಾಡಿ, ಸಾಲಿಗೊಂದರಂತೆ ಪ್ಯಾಕೇಜ್ ಹೆಸರು ಬರೆದಿಡಲಿ. ಮುಂದೆ ಯಾವ ವರ್ಷನ್ ಹಾಕಿದರೂ ಅವು ತಾವಾಗಿ ಬರುತ್ತವೆ. ಇದರಲ್ಲಿ ನಾಲ್ಕೈದಕ್ಕಿಂತ ಜಾಸ್ತಿ ಹೆಸರು ಬೇಕಾಗುವುದು ಅಪರೂಪ.

ಹೊಸ ಟರ್ಮಿನಲ್ ತೆರೆದಾಗಲೂ 22 ಸಿಗಲು ‘ಎನ್‌ವಿಎಂ ಅಲಿಯಾಸ್ ಡೀಫಾಲ್ಟ್ 22’ ಕೊಡಿ. 18ನ್ನು ತೆಗೆಯುವ ಅವಸರ ಬೇಡ. ‘ಎನ್‌ವಿಎಂ ಅನ್‌ಇನ್‌ಸ್ಟಾಲ್ 18’ ಕೊಟ್ಟರೆ ಅದರ ಗ್ಲೋಬಲ್ ಪ್ಯಾಕೇಜ್‌ಗಳೂ ಹೋಗುತ್ತವೆ. ಪ್ರಾಜೆಕ್ಟ್‌ಗಳನ್ನೆಲ್ಲ ಹೊಸದರಲ್ಲಿ ಒಮ್ಮೆ ಓಡಿಸಿ ನೋಡಿ, ಆಮೇಲೆ ತೆಗೆಯಿರಿ.