ತೋಟದ ಪಿಕಪ್ಪಿಗೆ ಹೊಸ ಬ್ರೇಕ್ ಪೈಪ್ ಹಾಕಿದ ಬಗೆ

ಮೂಡಿಗೆರೆ ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ ಗೊಬ್ಬರದ ಚೀಲ, ಕಾಫಿ ಮೂಟೆ, ಸಿಲ್ವರ್ ಮರದ ತುಂಡು ಎಲ್ಲವನ್ನೂ ಹೊರುವುದು ಒಂದೇ ಪಿಕಪ್. ಕಳೆದ ಮಳೆಗಾಲದ ಕೊನೆಯಲ್ಲಿ ಅದರ ಬ್ರೇಕ್ ಪೆಡಲ್ ಎಂದಿಗಿಂತ ಕೆಳಕ್ಕೆ ಇಳಿಯತೊಡಗಿತು. ಬಾನೆಟ್ ತೆಗೆದು ನೋಡಿದರೆ ಬ್ರೇಕ್ ಆಯಿಲ್ ಕನಿಷ್ಠ ಮಟ್ಟದ ಗೆರೆಗಿಂತ ಕೆಳಗಿತ್ತು. ಮುಂದಿನ ಡಿಸ್ಕ್ ಪ್ಯಾಡ್ ಸವೆದಂತೆ ಈ ಮಟ್ಟ ತುಸು ಇಳಿಯುವುದು ಸಹಜ, ಆದರೆ ಅದಕ್ಕೆ ತಿಂಗಳುಗಳೇ ಬೇಕು. ತುಂಬಿಸಿಟ್ಟ ಆಯಿಲ್ ಬೆಳಗಾಗುವಷ್ಟರಲ್ಲಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಆಯಿಲ್ ಸರ್ಕ್ಯೂಟ್ ಇರುವುದರಿಂದ ಹಿಂದಿನದು ಕೈಕೊಟ್ಟರೂ ಮುಂದಿನ ಬ್ರೇಕ್ ಹಿಡಿಯುತ್ತದೆ. ಅಷ್ಟನ್ನೇ ನಂಬಿ ಚಾರ್ಮಾಡಿ ಘಾಟಿ ಇಳಿಯುವ ಧೈರ್ಯವನ್ನು ಯಾರೂ ಮಾಡಬಾರದು. ನಾನು ಗಾಡಿಯನ್ನು ಅಲ್ಲಿಗೇ ನಿಲ್ಲಿಸಿದೆ.

ಚಾಸಿಸ್‌ನ ಎಡಬದಿಯಲ್ಲಿ, ಹಿಂದಿನ ಪ್ಲೇಟ್ ಸ್ಪ್ರಿಂಗ್‌ನ ಮುಂಭಾಗದ ಹತ್ತಿರ, ಹಿಂದಿನ ಬ್ರೇಕಿಗೆ ಆಯಿಲ್ ಒಯ್ಯುವ ಪೈಪನ್ನು ಹಿಡಿದಿದ್ದ ಕ್ಲಿಪ್ಪಿನ ಕೆಳಗೆ ಒದ್ದೆಯಾಗಿತ್ತು. ಗೇರ್ ಆಯಿಲ್ ಮಂದವಾಗಿರುತ್ತದೆ, ಅದಕ್ಕೊಂದು ಗಂಧಕದ ವಾಸನೆಯೂ ಇರುತ್ತದೆ. ಇದು ತೆಳುವಾಗಿ ಜಾರುತ್ತಿತ್ತು, ನೀರು ಹಾಕಿದರೆ ತೊಳೆದುಹೋಗುತ್ತಿತ್ತು, ಅದು ತಾಗಿದ ಕಡೆ ಚಾಸಿಸ್‌ನ ಬಣ್ಣ ಉಬ್ಬಿ ಎದ್ದಿತ್ತು. ಬ್ರೇಕ್ ಆಯಿಲನ್ನು ಗುರುತಿಸಲು ಇಷ್ಟು ಸಾಕು.

ಕ್ಲಿಪ್ ಬಿಚ್ಚಿದಾಗ ಕಾರಣವೂ ಕಂಡಿತು. ನಾವು ತೋಟಕ್ಕೆ ಹಾಕುವ ಪೊಟ್ಯಾಷ್ ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಹತ್ತಿರದ ಸಂಬಂಧಿ. ಹರಿದ ಚೀಲಗಳಿಂದ ಉದುರುವ ಅದರ ಪುಡಿ ಹಿಂದಿನ ತೊಟ್ಟಿಯ ಸಂದುಗಳಿಂದ ಇಳಿದು, ಕೆಸರು ಮತ್ತು ಕೊಳೆತ ಎಲೆಯೊಂದಿಗೆ ಸೇರಿ, ಕ್ಲಿಪ್ಪಿನ ಹಿಂದೆ ಗಾಳಿಯಾಡದ ಜಾಗದಲ್ಲಿ ಕೂರುತ್ತದೆ. ಮಲೆನಾಡಿನ ಮಳೆಯಲ್ಲಿ ಆ ಮಣ್ಣು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಉಕ್ಕಿನ ಪೈಪು ಹೊರಗಿನಿಂದ ತಿನ್ನಿಸಿಕೊಳ್ಳುತ್ತಾ ತೆಳ್ಳಗಾಗಿ ಕೊನೆಗೆ ಅಲ್ಲಿಯೇ ತೂತಾಗಿತ್ತು. ವೈರ್ ಬ್ರಷ್‌ನಿಂದ ಉಜ್ಜಿ ನೋಡಿದರೆ ಮುಂದಿನ ಎರಡು ಕ್ಲಿಪ್ಪುಗಳ ಕೆಳಗೂ ಅದೇ ಗುಳಿಗಳು.

ಆದ್ದರಿಂದಲೇ ತೂತಿರುವ ತುಂಡನ್ನಷ್ಟೇ ಕತ್ತರಿಸಿ ಜೋಡಿಸುವ ಸಲಹೆಯನ್ನು ನಾನು ಒಪ್ಪಲಿಲ್ಲ. ರಬ್ಬರ್ ಹೋಸ್ ಸಿಕ್ಕಿಸಿ ಕ್ಲಿಪ್ ಬಿಗಿಯುವುದು, ಹಿತ್ತಾಳೆಯ ಬೆಸುಗೆ ಹಾಕಿಸುವುದು ನಮ್ಮ ಕಡೆ ನಡೆಯುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಆ ಪೈಪಿನೊಳಗಿನ ಒತ್ತಡ 1,000 ಪಿಎಸ್‌ಐ (ಚದರ ಇಂಚಿಗೆ 1,000 ಪೌಂಡ್) ಮೀರುತ್ತದೆ ಎಂಬುದನ್ನು ನೆನೆದರೆ ಅವೆರಡೂ ಅಪಾಯವೇ. ಒಂದು ಯೂನಿಯನ್‌ನಿಂದ (ನಟ್ಟು ಬಿಗಿಯುವ ಜೋಡಣೆಯಿಂದ) ಇನ್ನೊಂದು ಯೂನಿಯನ್‌ವರೆಗೆ ಇಡೀ ಪೈಪನ್ನೇ ಬದಲಿಸಬೇಕು. ನಾನು ತಾಮ್ರ–ನಿಕಲ್ ಮಿಶ್ರಲೋಹದ 4.75 ಮಿ.ಮೀ. ಪೈಪ್ ತರಿಸಿದೆ. ಅದು ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಚೆನ್ನಾಗಿ ಬಾಗುತ್ತದೆ. ಫ್ರಿಜ್ ಕೆಲಸದವರ ಬಳಿ ಸಿಗುವ ಬರಿಯ ತಾಮ್ರದ ಪೈಪ್ ಮಾತ್ರ ಈ ಕೆಲಸಕ್ಕೆ ಬೇಡ. ಅದು ಅದುರಿ ಅದುರಿ ಗಡುಸಾಗಿ ಬಿರಿಯುತ್ತದೆ.

ಹಳೆಯ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಸಾಮಾನ್ಯ ಸ್ಪ್ಯಾನರ್ ಹಾಕಿದರೆ ಅವುಗಳ ಮೂಲೆ ಸವೆಯುತ್ತದೆ, ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬೇಕೇ ಬೇಕು. ಹೋಸ್ ಸೇರುವ ಕಡೆ ಹೋಸ್ ತಿರುಚಿಕೊಳ್ಳದಂತೆ ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿಯಬೇಕು. ಹೊಸ ಪೈಪನ್ನು ಹ್ಯಾಕ್ಸಾದಿಂದ ಕೊಯ್ಯದೆ ಟ್ಯೂಬ್ ಕಟರ್‌ನಿಂದ ಕತ್ತರಿಸಿ, ಒಳಗಿನ ಚೂರುಗಳನ್ನು ತೆಗೆದು, ನಟ್ಟನ್ನು ಮೊದಲೇ ಪೋಣಿಸಿ, ಆಮೇಲೆ ತುದಿಯನ್ನು ಫ್ಲೇರ್ ಮಾಡಿದೆ, ಅಂದರೆ ಕಹಳೆಯ ಬಾಯಿಯಂತೆ ಅಗಲಿಸಿದೆ. ನನ್ನ ಗಾಡಿಯಲ್ಲಿದ್ದದ್ದು ಅಗಲಿಸಿದ ಅಂಚನ್ನು ಒಳಕ್ಕೆ ಮಡಚಿದ ಡಬಲ್ ಫ್ಲೇರ್, ಕೆಲವು ಗಾಡಿಗಳಲ್ಲಿ ಗುಳ್ಳೆಯಾಕಾರದ ತುದಿ ಇರುತ್ತದೆ. ಹಳೆಯ ತುದಿ ಯಾವ ಬಗೆಯದೋ ಹೊಸದೂ ಅದೇ ಆಗಿರಬೇಕು, ಇಲ್ಲದಿದ್ದರೆ ಎಷ್ಟು ಬಿಗಿದರೂ ಸೋರುತ್ತದೆ. ಪೈಪನ್ನು ಹಳೆಯ ದಾರಿಯಲ್ಲೇ, ಸೈಲೆನ್ಸರ್‌ನಿಂದ ದೂರವಿಟ್ಟು ಕೂರಿಸಿ, ಕ್ಲಿಪ್ಪುಗಳೊಳಗೆ ಹೊಸ ರಬ್ಬರ್ ಇಟ್ಟೆ.

ಏರ್ ತೆಗೆಯುವಾಗ, ಅಂದರೆ ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರಹಾಕುವಾಗ, ಒಂದು ವಿಷಯ ಗಮನಿಸಬೇಕು. ನನ್ನ ಪಿಕಪ್ಪಿನಲ್ಲಿ ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ಇದೆ. ಚಾಸಿಸ್‌ಗೆ ಜಾಕ್ ಕೊಟ್ಟು ಚಕ್ರಗಳನ್ನು ತೂಗಲು ಬಿಟ್ಟರೆ ಅದು ಗಾಡಿ ಖಾಲಿಯಿದೆ ಎಂದು ತಿಳಿದು ಹಿಂದಕ್ಕೆ ಹೋಗುವ ಆಯಿಲನ್ನು ತಡೆಯುತ್ತದೆ. ಹಾಗಾಗಿ ಸ್ಟ್ಯಾಂಡುಗಳನ್ನು ಆಕ್ಸಲ್ ಕೆಳಗೇ ಇಟ್ಟು, ಸ್ಪ್ರಿಂಗ್ ಮೇಲೆ ಗಾಡಿಯ ಭಾರ ಕೂರುವಂತೆ ನೋಡಿಕೊಂಡೆ. ತೋಟದ ಲೆಕ್ಕ ನೋಡುವ ರೈಟರ್ ಪೆಡಲ್ ಬಳಿ ಕೂತರು. ಅವರು "ಒತ್ತಿ ಹಿಡಿದಿದ್ದೀನಿ ಗೌಡ್ರೆ" ಎಂದ ಮೇಲೆಯೇ ನಾನು ಚಕ್ರದ ಬಳಿ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸುತ್ತಿದ್ದೆ, ಅದನ್ನು ಬಿಗಿದು ಹೇಳಿದ ಮೇಲೆಯೇ ಅವರು ಕಾಲು ತೆಗೆಯುತ್ತಿದ್ದರು. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಎಡ ಹಿಂಬದಿ ಚಕ್ರದಿಂದ ಆರಂಭಿಸಿ ನಾಲ್ಕಕ್ಕೂ ಮಾಡಿದೆವು. ನಡುವೆ ಬಾನೆಟ್ ಕೆಳಗಿನ ಆಯಿಲ್ ಡಬ್ಬಿ ಬರಿದಾಗಲು ಬಿಡಲಿಲ್ಲ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಗಾಡಿಯಲ್ಲಿ ಅದರ ಯೂನಿಟ್‌ನೊಳಗೆ ಗಾಳಿ ಹೊಕ್ಕರೆ ಸ್ಕ್ಯಾನರ್ ಇರುವ ವರ್ಕ್‌ಶಾಪಿಗೇ ಹೋಗಬೇಕಾಗಬಹುದು.

ಆಯಿಲ್ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಗಾಡಿಯ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿದ್ದ ಡಾಟ್ 4 ದರ್ಜೆಯ ಆಯಿಲನ್ನೇ, ಸೀಲ್ ಒಡೆಯದ ಡಬ್ಬಿಯಿಂದ ಹಾಕಿದೆ. ಹೊರಬಂದ ಆಯಿಲನ್ನು ಮತ್ತೆ ಬಳಸಲಿಲ್ಲ. ಇದು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 4 ಮಾನದಂಡದ ಪ್ರಕಾರ ಹೊಸದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿಯ ಇಳಿಜಾರಿನಲ್ಲಿ ಆಯಿಲ್ ಕುದಿದು ಆವಿಯಾದರೆ ಪೆಡಲ್ ಒತ್ತಿದಷ್ಟೂ ಒಳಗೆ ಹೋಗುತ್ತದೆ, ಬ್ರೇಕ್ ಮಾತ್ರ ಹಿಡಿಯುವುದಿಲ್ಲ.

ಕೊನೆಗೆ ಇಂಜಿನ್ ಚಾಲೂ ಇಟ್ಟು ರೈಟರ್ ಪೆಡಲನ್ನು ಬಲವಾಗಿ ಒತ್ತಿ ಹಿಡಿದಾಗ ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಿದೆ. ಪೆಡಲ್ ಇಳಿಯಲಿಲ್ಲ, ಕಾಗದ ಒದ್ದೆಯಾಗಲಿಲ್ಲ. ಮೊದಲು ಕಾಫಿ ಕಣದ ಸಮತಟ್ಟಿನಲ್ಲಿ, ನಂತರ ಖಾಲಿ ಗಾಡಿಯೊಂದಿಗೆ ತೋಟದ ಇಳಿಜಾರಿನಲ್ಲಿ ಓಡಿಸಿ, ಮರುದಿನ ಮತ್ತೊಮ್ಮೆ ಕೆಳಗೆ ಮಲಗಿ ನೋಡಿದ ಮೇಲೆಯೇ ಮೂಟೆ ಹೇರಲು ಹೇಳಿದೆ. ಈಗ ಗೊಬ್ಬರ ಇಳಿಸಿದ ದಿನವೇ ಚಾಸಿಸ್‌ನ ಅಡಿಗೆ ಪೈಪಿನ ನೀರು ಬಿಟ್ಟು, ಕ್ಲಿಪ್ಪುಗಳ ಹಿಂದಿನ ಮಣ್ಣನ್ನು ಪೂರ್ತಿ ತೊಳೆಸುತ್ತೇನೆ.